ಇಪ್ಪತ್ತನೆಯ ಪೊಟ್ಟಣ

ಕೊಬ್ಬರಿಗೆ ಮುನ್ನೂರು, ಸಕ್ಕರೆ ಅಚ್ಚಿಗೆ ಇನ್ನೂರು, ಬೆಲ್ಲ ಹೆಚ್ಚಿದ್ದಕ್ಕೆ ಅಂಗೈಯಲ್ಲಿ ಎರಡು ಗುಳ್ಳೆ. ಇಷ್ಟೆಲ್ಲ ತೆತ್ತು ವನಜಾಕ್ಷಿ ಸಂಕ್ರಾಂತಿಗೆ ಇಪ್ಪತ್ತು ಮನೆಗೆ ಲೆಕ್ಕವಾಗಿ ಎಳ್ಳು ಕಟ್ಟಿದ್ದಳು, ಮನೆಗೊಂದು ಸಕ್ಕರೆ ಅಚ್ಚು. ಬೀರಲು ಹೊರಡುವ ಹೊತ್ತಿಗೆ ಸರಿಯಾಗಿ ಚಿಕ್ಕವಳು ಕೊನೆಯ ಪೊಟ್ಟಣದ ಗಿಳಿಯ ಕೊಕ್ಕನ್ನು ಕಚ್ಚಿ ತಿಂದುಬಿಟ್ಟಳು.

“ಅಮ್ಮ, ಅದು ಎಂಜಲು,” ಎಂದಳು ದೊಡ್ಡವಳು.

“ಬಾಯಿ ಮುಚ್ಕೊಂಡು ಲಂಗ ಸರಿ ಮಾಡ್ಕೊ. ಮೂಲೆಮನೆ ರುಕ್ಮಿಣಮ್ಮಂಗೆ ಕೊಡೋಣ. ಅವ್ರಿಗೆ ಶುಗರ್, ಹೇಗೂ ತಿನ್ನಲ್ಲ.”

ರುಕ್ಮಿಣಮ್ಮ ಪೊಟ್ಟಣ ಬಿಚ್ಚದೆ ಒಳಗಿಟ್ಟು ಮಕ್ಕಳ ತಲೆ ಸವರಿದರು. ವನಜಾಕ್ಷಿ ನಿರಾಳವಾಗಿ ಉಸಿರುಬಿಟ್ಟಳು.

ಸಂಜೆ ಬೀದಿಯ ಆ ತುದಿಯ ಮನೆಯ ಹುಡುಗಿ ಬಂದು ಎಳ್ಳು ಬೀರಿ ಹೋದಳು. ವನಜಾಕ್ಷಿ ಪೊಟ್ಟಣ ಬಿಚ್ಚಿದಳು. ಎಳ್ಳಿನ ನಡುವಿನಿಂದ ಇಣುಕುತ್ತಿದ್ದ ಸಕ್ಕರೆ ಗಿಳಿಗೆ ಬಾಲವೇ ಇರಲಿಲ್ಲ. ಬಾಲವಿದ್ದ ಕಡೆ ಪುಟ್ಟ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು.

“ನೋಡ್ರೇ, ಮಕ್ಕಳು ಕಚ್ಚಿದ್ದನ್ನ ಹಬ್ಬದ ದಿನ ಬೀದಿಗೆಲ್ಲ ಹಂಚ್ತಾರಲ್ಲ, ನಾಚಿಕೆ ಬೇಡ್ವಾ ಜನಕ್ಕೆ?” ಎನ್ನುತ್ತ ಅವಳು ಅದನ್ನು ಪೂರ್ತಿ ಹೊರಗೆಳೆದಳು.

ಗಿಳಿಗೆ ಕೊಕ್ಕೂ ಇರಲಿಲ್ಲ.