ಸಿಟ್ಟು ತೆಗೆಯುವ ಬಟ್ಟಲು

ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ಇಳಿಯುವ ಮುಂಚೆ ಎಲ್ಲರೂ ಬೋರಲು ಮಲಗಿ, ಬೆನ್ನಿಗೆ ಚರ್ಮ ಹೀರಿ ದುಂಡು ಗುರುತು ಮೂಡಿಸುವ ಚೀನಾ ವೈದ್ಯದ ಗಾಜಿನ ಬಟ್ಟಲು ಹಾಕಿಸಿಕೊಳ್ಳಬೇಕು. ಮೈಕೈ ನೋವು ಹೋಗುತ್ತದೆ, ಜೊತೆಗೆ ಸಿಟ್ಟೂ ಹೋಗುತ್ತದೆ. ಕಿತ್ತ ಬಟ್ಟಲಿಗೆ ಅದು ಮಸಿಯಂತೆ ಹತ್ತಿರುತ್ತದೆ. ಬಟ್ಟಲು ಹಾಕುವ ಕಾಶವ್ವ ಬೂದಿ ಹಚ್ಚಿ ತೊಳೆದಿಡುತ್ತಾಳೆ.

ಇವತ್ತು ನೀಲವ್ವ ಮಲಗಲು ಒಪ್ಪಲಿಲ್ಲ.

"ಬ್ಯಾಡಬೇ ಕಾಶವ್ವ. ಗಿರಣಿ ಬಾಯ್ಲರ್ ಒಡದು ನನ್ನ ಗಂಡ ಸತ್ತಾನ. ಒಂದ ಹನಿ ಹೆಂಡಾ ಮುಟ್ಟದಾಂವ ಕುಡದಿದ್ದ ಅಂತ ನನ್ನ ಬಾಯಿಂದ ಹೇಳ್ಸಾಕ ಸಾಹುಕಾರ ಬರ್ತಾನ. ಇವತ್ತೊಂದಿನ ಸಿಟ್ಟು ನನ್ನ ಕಡೆ ಇರ್ಲಿ."

"ಬೆನ್ನಾಗ ಗುರುತಿಲ್ಲಂದ್ರ ಇಬ್ರನ್ನೂ ಹೊರಗ ಹಾಕ್ತಾರ. ಸಿಟ್ಟು ಬೇಯ್ಸಿ ಮಕ್ಕಳಿಗೆ ಉಣಸ್ತೀಯೇನ? ಒಂದ ಬಟ್ಲ ಹಾಕ್ತೀನಿ, ಮಲಕ್ಕೊ."

ಒಂದು ಎಂದವಳು ಬೆನ್ನು ತುಂಬ ಹಾಕಿದಳು. ನೀಲವ್ವ ಏಳಲು ಹೋದಾಗ ಹೆಗಲು ಒತ್ತಿ ಹಿಡಿದಳು. ಕೀಳುವಾಗ ಗಾಜು ಕೈ ಸುಡುತ್ತಿತ್ತು.

ಸಾಹುಕಾರ ಬಂದ. "ನಿನ್ನ ಗಂಡ ಕುಡದಿದ್ದ, ಹೌದಲ್ಲ?"

"ಹೌದ್ರಿ," ಎಂದಳು ನೀಲವ್ವ ತಣ್ಣಗೆ. "ಕುಂದರ್ರಿ, ಚಾ ತರ್ತೀನಿ."

ಕಣ್ಣಿಂದ ನೀರು ಮಾತ್ರ ಸುರಿಯುತ್ತಲೇ ಇತ್ತು. ಯಾಕೆಂದು ಅವಳಿಗೇ ಹೊಳೆಯಲಿಲ್ಲ.