ಮೂವತ್ತಮೂರು ಮಣಿಗೊಮ್ಮೆ

ಹೋದ ಕರೆಂಟು ಹತ್ತು ನಿಮಿಷಕ್ಕೆ ಬಂತು, ಕೂಸಿಗೆ ಕಾವು ಕೊಡುವ ಪೆಟ್ಟಿಗೆ ಮಾತ್ರ ಚಾಲೂ ಆಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂದರೆ ಇದೇ. ಒಳಗೆ, ದಿನ ತುಂಬುವ ಮೊದಲೇ ಬೆಳಿಗ್ಗೆ ಹುಟ್ಟಿದ ಒಂದೂವರೆ ಕಿಲೋದ ಹೆಣ್ಣುಕೂಸು. 2007ರ ಡಿಸೆಂಬರ್, ಥಂಡಿ ಗಾಳಿ ಬೇರೆ. ರೋಣದ ಆ ಪುಟ್ಟ ದವಾಖಾನೆಯಲ್ಲಿ ಬೆಚ್ಚಗಿಡುವ ಪೆಟ್ಟಿಗೆ ಇದ್ದದ್ದು ಅದೊಂದೇ.

"ಗದಗಿನ ದೊಡ್ಡ ದವಾಖಾನಿ ಗಾಡಿ ಬರಾಕ ಇನ್ನೊಂದ ತಾಸು ಬೇಕ. ಅಲ್ಲೀತನಕ ಕೂಸು ತಣ್ಣಗಾಗಬಾರ್ದು," ಎಂದರು ಡಾಕ್ಟರ್ ಶ್ವೇತಾ.

ಗಜೇಂದ್ರಗಡದ ಮೆಹನಾಜ ಆಗಲೇ ಲ್ಯಾಪ್‌ಟಾಪಿನ ವೈರನ್ನು ಪೆಟ್ಟಿಗೆಗೆ ಚುಚ್ಚಿದ್ದಳು. ಪೆಟ್ಟಿಗೆಯ ಹೊಟ್ಟೆಯೊಳಗಿನ ಪ್ರೋಗ್ರಾಂ ಬರೆದವಳೇ ಅವಳು; ಹೊಸ ಪೆಟ್ಟಿಗೆ ಹೇಗೆ ನಡೆದಿದೆ ನೋಡಲು ಬಂದಿದ್ದಳು. ಹೆದರಿಕೆ ಇತ್ತು. ಆದರೆ ಹೆದರಿಕೆಗಿಂತ ಕುತೂಹಲವೇ ಒಂದು ಕೈ ಮೇಲು, ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು. ಎಲ್ಲಿ ನಿಂತಿದೆ ಇದು?

ನಿಂತದ್ದು ಬಜರಿನಲ್ಲಿ, ಎಚ್ಚರಿಕೆಯ ಸದ್ದು ಮಾಡುವ ಭಾಗದಲ್ಲಿ. ಚಾಲೂ ಆಗುವಾಗ ಪೆಟ್ಟಿಗೆ ತನ್ನ ಒಂದೊಂದು ಭಾಗವನ್ನೂ ಹೆಸರು ಹಿಡಿದು ಕರೆಯುತ್ತದೆ. ಅದು 'ಇದ್ದೇನೆ' ಅಂದ ಮೇಲೆಯೇ ಮುಂದಿನದು. ಕಾವು ಹೆಚ್ಚುಕಡಿಮೆಯಾದರೆ ಕೂಗಬೇಕಾದ ಬಜರು ಕರೆಂಟಿನ ಏಟಿಗೆ ಸತ್ತಿತ್ತು. ಸತ್ತವರು ಎಲ್ಲಾದರೂ ಓಗೊಡುತ್ತಾರೆಯೇ? ಪೆಟ್ಟಿಗೆ ಪಾಪ, ಕರೆದು ಕಾಯುತ್ತಲೇ ಇತ್ತು.

"ಭಾಗಗಳ ಪಟ್ಟಿಯೊಳಗ ಬಜರಿನ ಮುಂದ 'ಬಂದ್' ಅಂತ ಬರದ್ರ, ಅದನ್ನ ಕರೀಲಾರ್ದ ಮುಂದ ಹೋಗತೈತ್ರಿ," ಎಂದಳು ಮೆಹನಾಜ. "ಆದ್ರ ಬಜರ್ ಇರಲಾರ್ದ ಕಾವು ಕೊಡಬ್ಯಾಡ ಅಂತ ನಾನ ಬರದೀನಿ. ಕಾವು ಏರಿದ್ರ ಕೂಗಾವ್ರ ಯಾರ್ರಿ?"

"ನಾ ಇಲ್ಲೇನ?" ಎಂದಳು ಮೂಲೆಯಲ್ಲಿ ಕೂತಿದ್ದ ಕೂಸಿನ ಅಜ್ಜಿ, ಮುಶಿಗೇರಿಯ ಕಾಶೀಂಬಿ.

ಕಾರ್ಖಾನೆಯ ಪರೀಕ್ಷೆಗೆಂದು ಮೆಹನಾಜ ಬರೆದಿಟ್ಟ ಇನ್ನೊಂದು ನಿಯಮವಿತ್ತು: ಬಜರು ಬಂದ್ ಇದ್ದರೂ ಕಾವು ಬರುತ್ತದೆ, ಆದರೆ ನಿಮಿಷಕ್ಕೊಮ್ಮೆ ಯಾರಾದರೂ ಗುಂಡಿ ಒತ್ತಬೇಕು, ತಪ್ಪಿದರೆ ಕಾವು ತಾನಾಗಿ ಆರುತ್ತದೆ. ಡಾಕ್ಟರ್ ಒಂದು ಗಳಿಗೆ ಯೋಚಿಸಿದರು. "ಕಾವಿನ ಅಂಕಿ ನೀ ನೋಡು ಮೆಹನಾಜ. ಗುಂಡಿ ಅಮ್ಮಾರು ಒತ್ತಲಿ. ಏನರ ಆದ್ರ ನನ್ನ ಕರಿ," ಎಂದು ಬಾಣಂತಿಯ ಕಡೆ ಓಡಿದರು.

"ನಿಮಿಷ ಅಂದ್ರ ಎಷ್ಟ, ಬೇಟಿ? ನನಗ ಗಡಿಯಾರ ನೋಡಾಕ ಬರಂಗಿಲ್ಲ."

ಮೆಹನಾಜಳ ಕಣ್ಣು ಮುದುಕಿಯ ಕೈಯ ತಸಬಿಯ ಮೇಲೆ ಬಿತ್ತು. ಮೂವತ್ತಮೂರು ಮಣಿಯ ಜಪಸರ. ಒಮ್ಮೆ ಎಣಿಸಲು ಹೇಳಿ ಗಡಿಯಾರ ನೋಡಿದಳು: ನಲವತ್ತು ಸೆಕೆಂಡು. "ಒಂದ ಸುತ್ತು ಮುಗದ ಕೂಡ್ಲೆ ಒಮ್ಮಿ ಒತ್ತ್ರಿ, ದಾದಿಮಾ."

ಪಟ್ಟಿಯಲ್ಲಿ 'ಬಂದ್' ಎಂದು ಬರೆದಳು. ಈ ಸಲ ಪೆಟ್ಟಿಗೆ ಬಜರಿನ ಹೆಸರೆತ್ತದೆ ಮುಂದೆ ಹೋಯಿತು, ಕಾವಿನ ದೀಪ ಹತ್ತಿತು. ಮೆಹನಾಜಳಿಗೆ ಅಳುವೇ ಬಂತು. ಆಮೇಲೆ ಒಂದು ತಾಸು ತಸಬಿ ತಿರುಗಿತು. ಕಾಶೀಂಬಿ ಚಹಾ ಬೇಡವೆಂದಳು, ನೀರೂ ಬೇಡವೆಂದಳು.

ಗಾಡಿ ಬಂತು. ಕೂಸಿನ ಪಾದ ಮುಟ್ಟಿ ನೋಡಿ ಡಾಕ್ಟರ್ ನಕ್ಕರು. "ಸಾಕ್ರಿ ಅಮ್ಮಾರ, ಇನ್ನ ಕೈ ತಗೀರಿ."

ಕಾಶೀಂಬಿ ಮಣಿಯಿಂದ ಕಣ್ಣು ಎತ್ತಲಿಲ್ಲ.

"ಮೊದ್ಲ ನೀವು ಕೂಸಿನ್ನ ಎತಗೋರಿ. ಆಮ್ಯಾಲ ನಾ ಕೈ ತಗೀತೀನಿ."