ರಾಜಾನುಕುಂಟೆಯ ಹಾಯಿದೋಣಿ

ಅಳಿಯನಿಗೆ ತಲೆ ಕೆಟ್ಟಿದೆ ಎಂಬುದು ವೀರಬಸಪ್ಪನವರಿಗೆ ಖಾತ್ರಿಯಾದದ್ದು ದೋಣಿಯನ್ನು ಒಂದು ಸುತ್ತು ಹಾಕಿ ನೋಡಿದ ಮೇಲೆ.

ನಿಜ ಹೇಳಬೇಕೆಂದರೆ ಅದು ಒಂದಲ್ಲ, ಎರಡು ದೋಣಿ. ಸಪೂರವಾದ ಎರಡನ್ನು ಅಕ್ಕಪಕ್ಕ ಇಟ್ಟು, ಅಡ್ಡಪಟ್ಟಿಗಳಿಂದ ಬಿಗಿದು, ನಡುವೆ ಕೂರಲು ದಪ್ಪ ಬಟ್ಟೆ ಕಟ್ಟಿದ್ದರು. ಕ್ಯಾಟಮರಾನ್ ಅಂತೆ. ಬಟ್ಟೆ ಹರಿದಿತ್ತು. ಎಡಗಡೆಯದರ ಹೊಟ್ಟೆಯಲ್ಲಿ ಕುಂಬಳಕಾಯಿ ತೂರುವಷ್ಟು ದೊಡ್ಡ ತೂತು. ಬಲಗಡೆಯದರಲ್ಲಿ ಇರುವೆಗಳ ಸಂಸಾರ. ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಲಾರಿಯಲ್ಲಿ ಬಂದು, ರಾಜಾನುಕುಂಟೆಯಲ್ಲಿ ಅಳಿಯನ ಚಿಕ್ಕಪ್ಪನ ಖಾಲಿ ಸೈಟಿನಲ್ಲಿ ಇಳಿದಿತ್ತು. ಸಮುದ್ರ ಅಲ್ಲಿಂದ ಒಂದು ರಾತ್ರಿಯ ಬಸ್ ಪ್ರಯಾಣ.

ಮಗಳು ಐಶ್ವರ್ಯ ಫೋನಿನಲ್ಲಿ ಮೊದಲೇ ಹೇಳಿದ್ದಳು. "ಅಪ್ಪಾ, ಬೇಕರಿ ಮುಚ್ಚಿದ ಮೇಲೆ ಇವರು ಸರಿಯಾಗಿ ಮಾತೇ ಆಡ್ತಿಲ್ಲ. ಈಗ ಈ ದೋಣಿ ಬೇರೆ. ಒಬ್ಬರನ್ನೇ ಬಿಡೋಕೆ ಭಯ ಆಗತ್ತೆ. ಪ್ರತಿ ಭಾನುವಾರ ನೀವು ಸ್ವಲ್ಪ ಜೊತೆಗಿರಿ. ದೋಣಿ ಯಾಕೆ ತಗೊಂಡ್ರಿ ಅಂತ ಮಾತ್ರ ಕೇಳಬೇಡಿ. ನೊಂದ್ಕೋತಾರೆ."

ವೀರಬಸಪ್ಪನವರು ಗದಗಿನವರು. ಯಲಹಂಕದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಮಗಳು ತಾನೇ ಆರಿಸಿಕೊಂಡ ಹುಡುಗನೆಂದು ಅವಳ ಮದುವೆಗೇ ಹೋಗಿರಲಿಲ್ಲ. ಆಮೇಲೂ ಅಳಿಯ ಅಶ್ವತ್ಥನೊಂದಿಗೆ ಆಡಿದ ಮಾತು ‘ಹೂಂ’, ‘ಬರ್ರಿ’ ಅಷ್ಟೇ. ಹೋದ ವರ್ಷ ಹೆಂಡತಿ ಗಂಗಾದೇವಿ ತೀರಿಕೊಂಡ ಮೇಲಂತೂ ಹೊಸ್ತಿಲು ದಾಟುವುದೇ ಅಪರೂಪವಾಗಿತ್ತು. ಆದರೆ ಮಗಳ ದನಿ ನಡುಗಿದ ಹಾಗಿತ್ತು. ಹುಚ್ಚನೊಬ್ಬನನ್ನು ಕಾಯುವ ಕೆಲಸವೆಂದುಕೊಂಡೇ ಹೊರಟು ಬಂದರು.

"ಎಲ್ಲಿಂದ ಶುರು ಮಾಡೋಣ ಸಾರ್?" ಅಶ್ವತ್ಥ್ ಕೇಳಿದ. "ನೀವು ಹೇಳ್ದಂಗೆ."

ಇಷ್ಟೂ ಯೋಚಿಸದೆ ದೋಣಿ ತಂದಿದ್ದಾನಲ್ಲ ಎಂದು ವೀರಬಸಪ್ಪನವರು ನಿಟ್ಟುಸಿರು ಬಿಟ್ಟರು. "ಮೊದಲ ಇರುವಿ ಓಡಸೂಣು," ಎಂದರು.

ಇಬ್ಬರಿಗೂ ದೋಣಿಯ ಗಂಧಗಾಳಿ ಇರಲಿಲ್ಲ. ಫೋನನ್ನು ಇಟ್ಟಿಗೆಗೆ ಒರಗಿಸಿ ವಿಡಿಯೋ ನೋಡುವುದು, ನೋಡಿದ್ದನ್ನು ತಪ್ಪಾಗಿ ಮಾಡುವುದು, ಮತ್ತೆ ನೋಡುವುದು. ಹಳೆಯ ಬಣ್ಣ ಉಜ್ಜಿ ತೆಗೆಯುವಾಗ ಎದ್ದ ಪುಡಿಗೆ ಇಬ್ಬರ ಮುಖವೂ ವಿಭೂತಿ ಬಳಿದಂತಾಯಿತು. ತೂತು ಮುಚ್ಚುವ ರೆಸಿನ್ ಅಂಟಿಗೆ ಅದನ್ನು ಗಟ್ಟಿಮಾಡುವ ಹಾರ್ಡ್‌ನರ್ ಜಾಸ್ತಿ ಸುರಿದದ್ದು ವೀರಬಸಪ್ಪನವರು. ಅದು ಪ್ಲಾಸ್ಟಿಕ್ ಮಗ್ಗಿನಲ್ಲೇ ಕಾದು, ಹೊಗೆಯಾಡಿ, ಮಗ್ಗಿನ ಸಮೇತ ಕಲ್ಲಾಯಿತು. ಅಶ್ವತ್ಥ್ ಎದ್ದು ಅಂಗಡಿಗೆ ಹೋಗಿ ಇನ್ನೊಂದು ಮಗ್ ತಂದ. ಹುಡುಗನಿಗೆ ತಾಳ್ಮೆಯಿದೆ ಎಂದು ಅವರು ಮೊದಲ ಸಲ ಒಪ್ಪಿಕೊಂಡರು.

ಮಧ್ಯಾಹ್ನಕ್ಕೆ ಅವನು ಯಲಹಂಕದ ಖಾನಾವಳಿಯಿಂದ ಕಡಕ್ ರೊಟ್ಟಿ, ಎಣ್ಣೆಗಾಯಿ ಕಟ್ಟಿಸಿಕೊಂಡು ಬರುತ್ತಿದ್ದ. ಮುದ್ದೆ ತಿಂದು ಬೆಳೆದವನಿಗೆ ಜೋಳದ ರೊಟ್ಟಿಯ ಮೇಲೆ ಇಷ್ಟು ಆಸೆಯೆಂದು ಅವರಿಗೆ ತಿಳಿದಿರಲಿಲ್ಲ. ಪಾಪ, ಅಗಿಯಲು ಒದ್ದಾಡುತ್ತಿದ್ದ. ಮನೆಯಲ್ಲಿ ಅರ್ಧ ಊಟಕ್ಕೇ ಏಳುತ್ತಿದ್ದ ವೀರಬಸಪ್ಪನವರು ಇಲ್ಲಿ ಅವನಿಗೆ ಜೊತೆ ಕೊಡಲೆಂದು ಎರಡು ರೊಟ್ಟಿ ಮುಗಿಸುತ್ತಿದ್ದರು.

ಒಂದು ದಿನ ಸೈಟಿನ ಯಜಮಾನ, ಅಶ್ವತ್ಥನ ಚಿಕ್ಕಪ್ಪ ಚಿಕ್ಕಹನುಮಯ್ಯ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಐಶ್ವರ್ಯ ಜಾಗ ಕೇಳಿದಳೆಂದು ಕೊಟ್ಟಿದ್ದರೇ ಹೊರತು ಹೆಚ್ಚೇನೂ ತಿಳಿದಿರಲಿಲ್ಲ.

"ನೀರೇ ಇಲ್ದಿರೋ ಕಡೆ ಇಂಗೆ ದೋಣಿ ತಂದು ಆಕ್ಕೊಂಡಿರೋ ಪುಣ್ಯಾತ್ಮ ಯಾರಪ್ಪಾ?"

ಅಶ್ವತ್ಥ್ ತಲೆ ತಗ್ಗಿಸಿ, ಉಜ್ಜಿದ್ದನ್ನೇ ಮತ್ತೆ ಉಜ್ಜತೊಡಗಿದ. ಅವನ ಮಾನ ಹೋಗುವುದನ್ನು ನೋಡಲಾಗದೆ ವೀರಬಸಪ್ಪನವರು ಎದ್ದು ನಿಂತರು. "ಯಾರರ ಆಗಲಿ ಬಿಡ್ರಿ. ಮನಷಾ ಅಂದಮ್ಯಾಲ ಒಂದು ಆಸೆ ಇರತದ. ಅದಕ್ಕ ನಗಬಾರದು."

ಅಶ್ವತ್ಥ್ ಅವರನ್ನೇ ನೋಡಿದ. ಅವನ ಕಣ್ಣು ತೇವವಾಗಿತ್ತು.

"ಹೌದು ಮಾವ," ಎಂದ. ಮಾವ ಎಂದದ್ದು ಅದೇ ಮೊದಲು.

ಆಮೇಲೆ ಭಾನುವಾರಗಳು ಸಾಲಲಿಲ್ಲ. ಬುಧವಾರವೂ ಫೋನ್ ಬರುತ್ತಿತ್ತು, ಕೆಲವೊಮ್ಮೆ ಇವರೇ ಮಾಡುತ್ತಿದ್ದರು. ಅಶ್ವತ್ಥ್ ಬಹಳ ದಿನದ ಮೇಲೆ ಮನೆಯ ಓವನ್ ಹಚ್ಚಿ ಬೆಣ್ಣೆ ಬಿಸ್ಕತ್ತು ಮಾಡಿ ತಂದ. ವೀರಬಸಪ್ಪನವರು ನಾಲ್ಕು ತಿಂದು, "ಅಂಗಡಿ ಮತ್ತ ತೆರೀರಿ," ಎಂದು ಗದರಿದರು. ಬಣ್ಣದ ವಿಷಯದಲ್ಲಿ ಮಾತ್ರ ಜಗಳವೇ ಆಯಿತು.

"ನಿಮ್ಗೆ ಯಾವ್ದಿಷ್ಟ ಮಾವ?"

"ನಿಮಗ ಯಾವುದು ಬೇಕೋ ಅದು."

"ಇಲ್ಲ ಮಾವ, ನೀವೇ ಹೇಳ್ಬೇಕು."

ಯಾರೂ ಸೋಲಲಿಲ್ಲ. ಒಂದು ದೋಣಿ ನೀಲಿಯಾಯಿತು, ಇನ್ನೊಂದು ಹಳದಿ.

ಚಿಕ್ಕಹನುಮಯ್ಯನವರ ಪರಿಚಯದವರೊಬ್ಬರ ಜಮೀನಿನಲ್ಲಿ, ದೊಡ್ಡಬಳ್ಳಾಪುರದ ಆಚೆ, ಒಂದು ಕೆರೆಯಷ್ಟು ದೊಡ್ಡ ಹೊಂಡವಿತ್ತು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗಿ, ಕಂಬ ನಿಲ್ಲಿಸಿ ಹಾಯಿ ಕಟ್ಟಿ ನೀರಿಗಿಳಿಸಿದರು. ಐಶ್ವರ್ಯ ಏರಿಯ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದಳು. ಲೈಫ್ ಜಾಕೆಟ್ ತೊಟ್ಟ ಇಬ್ಬರೂ ನಡುವಿನ ಹೊಸ ಬಟ್ಟೆಯ ಮೇಲೆ ಕೂತು ಅದು ಮುಳುಗುವುದನ್ನೇ ಕಾದರು. ಮುಳುಗಲಿಲ್ಲ. ಗಾಳಿ ಬೀಸಿತು. ಹಾಯಿ ತುಂಬಿತು. ದೋಣಿ ಸದ್ದಿಲ್ಲದೆ ಹೊರಟಿತು. ಹಿಂದಕ್ಕೆ ತಿರುಗಿಸುವುದು ಹೇಗೆಂಬ ವಿಡಿಯೋ ಇಬ್ಬರೂ ನೋಡಿರಲಿಲ್ಲ.

ವೀರಬಸಪ್ಪನವರಿಗೆ ಎದೆ ತುಂಬಿ ಬಂತು. ಹುಡುಗನನ್ನು ಉಳಿಸಿದೆನಲ್ಲ ಎನಿಸಿತು. ಇನ್ನು ಕೇಳಿದರೆ ಅವನು ನೊಂದುಕೊಳ್ಳಲಾರ.

"ಅಳಿಯಂದ್ರ, ಈಗರ ಹೇಳ್ರಿ. ಇಂಥಾದೊಂದು ದೋಣಿ ತಗೋಬೇಕು ಅಂತ ನಿಮಗ್ಯಾಕ ಅನ್ನಿಸ್ತು?"

ಹಗ್ಗ ಹಿಡಿದಿದ್ದ ಅಶ್ವತ್ಥ್ ಬಾಯಿ ತೆರೆದು ಅವರತ್ತ ತಿರುಗಿದ. ಏರಿಯ ಮೇಲೆ ಐಶ್ವರ್ಯ ಮೆಲ್ಲಗೆ ಫೋನ್ ಕೆಳಗಿಳಿಸಿ, ಟ್ರ್ಯಾಕ್ಟರಿನ ಕಡೆ ನಡೆಯತೊಡಗಿದ್ದಳು.

"ನಂಗಾ? ಅಮ್ಮ ಹೋದ ದುಃಖದಲ್ಲಿ ಅಪ್ಪ ದೋಣಿ ತಗೊಂಡಿದಾರೆ, ಯಾಕೆ ಅಂತ ಮಾತ್ರ ಕೇಳ್ಬೇಡಿ ಅಂತ ಐಶ್ವರ್ಯ ನಂಗೆ ಹೇಳಿದ್ಲಲ್ಲ ಮಾವ."